ಮೆಟ್ಟಿಲ ಕೆಳಗಿದ್ದ ಸೈಕಲ್ ಕಳುವಾಯಿತು. ಹೊಸದನ್ನು ಮನೆಯಲ್ಲಿ ಹೇಗೆ ಕಾಪಾಡಿಕೊಳ್ಳಲಿ?

ಬೆಳಗಿನ_ಸವಾರಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ನರ್ಸ್. ಪಾಳಿ ಕೆಲಸ. ಬೆಳಗಿನ ಪಾಳಿ ಇದ್ದರೆ ಐದೂವರೆಗೆಲ್ಲ ಮನೆ ಬಿಡಬೇಕು. ಆರು ವರ್ಷದಿಂದ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೇನೆ. ನಮ್ಮದು ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಕಿರಿದು, ಮಧ್ಯೆ ಎರಡು ತಿರುವು. ಹಾಗಾಗಿ ಸೈಕಲ್ಲನ್ನು ಕೆಳಗೆ ಮೆಟ್ಟಿಲ ಅಡಿಯ ಸಂದಿಯಲ್ಲಿ ನಿಲ್ಲಿಸುತ್ತಿದ್ದೆ. ರಸ್ತೆಯಲ್ಲಿ ಬಿಡುತ್ತಿಲ್ಲವಲ್ಲ, ಮನೆಯೊಳಗೇ ಇದೆಯಲ್ಲ ಅನ್ನುವ ಧೈರ್ಯ.

ಹೋದ ತಿಂಗಳು ಒಂದು ದಿನ ಕೆಳಗಿಳಿದರೆ ಸಂದಿ ಖಾಲಿ. ನಾನೇ ಬೇರೆ ಕಡೆ ಇಟ್ಟೆನಾ ಅಂತ ಒಂದು ಕ್ಷಣ ಯೋಚನೆ ಬಂತು. ಆಮೇಲೆ ನೆಲದ ಮೇಲೆ ಕೇಬಲ್ ಲಾಕ್ ಕಂಡಿತು. ಬೀಗ ಹಾಕಿದ ಹಾಗೇ ಇತ್ತು. ಕೇಬಲ್ ಮಾತ್ರ ತುಂಡಾಗಿತ್ತು. ಕೈಗೆತ್ತಿಕೊಂಡು ನೋಡಿದೆ. ಹೊರಗೆ ಬೆರಳಿನಷ್ಟು ದಪ್ಪ ಕಪ್ಪು ಪ್ಲಾಸ್ಟಿಕ್. ಒಳಗಿರುವ ತಂತಿಯ ಹುರಿ ಪೆನ್ಸಿಲ್ಲಿಗಿಂತ ಸಣ್ಣ. ಕತ್ತರಿಸಿದ ಕಡೆ ಎಳೆ ಎಳೆ ಬಿಚ್ಚಿಕೊಂಡು ಬ್ರಷ್ಷಿನ ಹಾಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ನಾನು ನಂಬಿಕೊಂಡಿದ್ದು ಆ ಪ್ಲಾಸ್ಟಿಕ್ಕನ್ನು.

ಪೊಲೀಸ್ ಠಾಣೆಗೆ ಹೋದಾಗ ಮೊದಲು ಕೇಳಿದ್ದೇ ಫ್ರೇಮ್ ನಂಬರ್. ನನಗೆ ಗೊತ್ತಿರಲಿಲ್ಲ. ಬಣ್ಣ ಹೇಳಿದೆ. ಹ್ಯಾಂಡಲಿಗೆ ನನ್ನ ಮಗಳು ನೀಲಿ ಟೇಪ್ ಸುತ್ತಿದ್ದಳು, ಅದನ್ನು ಹೇಳಿದೆ. ಟೇಪನ್ನು ಯಾರು ಬೇಕಾದರೂ ಬಿಚ್ಚಿ ಎಸೆಯಬಹುದು ಅಂತ ಹೇಳುವಾಗಲೇ ಹೊಳೆಯಿತು.

ಈಗ ಹೊಸ ಸೈಕಲ್ ತಂದಿದ್ದೇನೆ. 14 ಕೆ.ಜಿ. ತೂಕ. ಒಂದು ವಾರದಿಂದ ದಿನಾ ಹೊತ್ತು ಮೇಲೆ ತರುತ್ತಿದ್ದೇನೆ. ತಿರುವಿನಲ್ಲಿ ಪೆಡಲ್ ಗೋಡೆಗೆ ಉಜ್ಜುತ್ತದೆ, ನನ್ನ ಮೊಣಕಾಲಿಗೂ ಬಡಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಕೈಯಲ್ಲಿ ಶಕ್ತಿಯೇ ಇರುವುದಿಲ್ಲ.

ಮತ್ತೆ ಮೆಟ್ಟಿಲ ಕೆಳಗೇ ಇಡಬಹುದಾ? ಇಡುವುದಾದರೆ ಎಂಥ ಬೀಗ ತರಲಿ? ಅಲ್ಲಿ ಕಟ್ಟೋಕೆ ಇರುವುದು ಮೆಟ್ಟಿಲ ಕಂಬಿ ಮಾತ್ರ. ಒಟ್ಟು ಆರು ಮನೆ, ಹೊರಗಿನ ಗೇಟು ರಾತ್ರಿ ಹತ್ತರವರೆಗೆ ತೆಗೆದೇ ಇರುತ್ತದೆ. ಗೋಡೆಗೋ ನೆಲಕ್ಕೋ ಏನಾದರೂ ಹಾಕಿಸಬೇಕಾದರೆ ಮನೆ ಮಾಲೀಕರನ್ನು ಕೇಳಬೇಕು. ಕೇಳುವ ಮೊದಲು ಏನು ಬೇಕು ಅನ್ನೋದು ನನಗೆ ಸರಿಯಾಗಿ ಗೊತ್ತಿರಬೇಕು ಅಲ್ವಾ.

ಇನ್ನೊಂದು. ಕದ್ದವರು ಮತ್ತೆ ಬರುತ್ತಾರಾ? ಇದೇ ನನಗೆ ಜಾಸ್ತಿ ಭಯ.

ಹಳೇ_ಪಾನಾ:

ಮೇಡಂ, ಓದಿ ಬೇಜಾರಾಯಿತು. ನಾನು 22 ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಸೈಕಲ್ ಕಳೆದುಕೊಂಡವರು ನಮ್ಮ ಹತ್ತಿರ ಬಂದು ಕೂತು ಹೇಳಿಕೊಳ್ಳುತ್ತಾರೆ. ಕೇಳಿ ಕೇಳಿ ತಿಳಿದಿದ್ದನ್ನು ಬರೆಯುತ್ತೇನೆ.

ಮೊದಲು ನಿಮ್ಮ ಕೊನೇ ಪ್ರಶ್ನೆ. ಹೌದು, ಮತ್ತೆ ಬರಬಹುದು. ಒಮ್ಮೆ ಬಂದವನಿಗೆ ಜಾಗ ಗೊತ್ತು, ಗೇಟು ಯಾವಾಗ ಹಾಕುತ್ತಾರೆ ಗೊತ್ತು. ಹೋದ ಸೈಕಲ್ಲಿನ ಜಾಗಕ್ಕೆ ಹೊಸದು ಬರುತ್ತದೆ ಅನ್ನೋದೂ ಗೊತ್ತು. ಮೊದಲ ಕೆಲವು ತಿಂಗಳು ಜಾಸ್ತಿ ಹುಷಾರಾಗಿರಬೇಕು. ನೀವು ಹೊತ್ತು ಮೇಲೆ ತರುತ್ತಿರುವುದು ಒಳ್ಳೆಯದೇ. ಕೆಳಗೆ ಗಟ್ಟಿ ಏರ್ಪಾಡು ಆಗುವ ತನಕ ಅದನ್ನು ಬಿಡಬೇಡಿ. ಹೊಸ ಸೈಕಲ್ ಬಂದ ರಟ್ಟಿನ ಪೆಟ್ಟಿಗೆಯನ್ನು ಗೇಟಿನ ಹತ್ತಿರ ಇಟ್ಟಿದ್ದರೆ ಇವತ್ತೇ ತೆಗೆದುಬಿಡಿ.

ಎಲ್ಲರೂ ಯಾವ ಬೀಗ ಅಂತ ಕೇಳುತ್ತಾರೆ. ಯಾವುದಕ್ಕೆ ಕಟ್ಟುತ್ತೀರಿ ಅನ್ನೋದನ್ನು ಮೊದಲು ನೋಡಬೇಕು. ಆ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಬುಡದಲ್ಲಿ ಬೆಸುಗೆ ಇದೆಯಾ, ಸ್ಕ್ರೂ ಇದೆಯಾ ನೋಡಿ. ಕೀಲಿಯಿಂದ ಮೆಲ್ಲಗೆ ತಟ್ಟಿ. ಟಣ್ ಅಂತ ಪೊಳ್ಳು ಸದ್ದು ಬಂದರೆ ಅದು ತೆಳು ಪೈಪು, ಹ್ಯಾಕ್ಸಾ ಬ್ಲೇಡಿಗೆ ಸುಲಭದ ತುತ್ತು. ನನ್ನ ಗಿರಾಕಿ ಒಬ್ಬರು ಹೆಬ್ಬೆರಳು ದಪ್ಪದ ಸರಪಳಿ ಹಾಕಿದ್ದರು. ಕಳ್ಳ ಸರಪಳಿಯನ್ನು ಮುಟ್ಟಲೇ ಇಲ್ಲ. ಕಂಬಿಯ ಬುಡದ ಎರಡು ಸ್ಕ್ರೂ ಬಿಚ್ಚಿ, ಕಂಬಿ ಎತ್ತಿ, ಸರಪಳಿಯನ್ನು ಕೆಳಗಿಂದ ಜಾರಿಸಿ ಸೈಕಲ್ ಒಯ್ದ.

ಹಾಗಾಗಿ ನಿಮಗೆ ಬೇಕಾಗಿರುವುದು ನೆಲಕ್ಕೋ ಗೋಡೆಗೋ ಕೂರಿಸುವ ಉಕ್ಕಿನ ಕೊಂಡಿ. ಗ್ರೌಂಡ್ ಆಂಕರ್ ಅನ್ನುತ್ತಾರೆ. ದಪ್ಪ ತಗಡಿನ ಪಟ್ಟಿ, ಅದರ ಮೇಲೆ ಬೆಸೆದ ಕೊಂಡಿ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟ್. ಇದನ್ನು ಕಾಂಕ್ರೀಟಿಗೆ ಕೂರಿಸಬೇಕು. ಪೊಳ್ಳು ಇಟ್ಟಿಗೆಯ ಗೋಡೆಗೆ ಹಾಕಿದರೆ ಪ್ರಯೋಜನ ಇಲ್ಲ. ಸಬ್ಬಲ್ ಕೊಟ್ಟು ಎತ್ತಿದರೆ ಗಾರೆ ಸಮೇತ ಕಿತ್ತು ಬರುತ್ತದೆ. ಮೆಟ್ಟಿಲ ಅಡಿಯ ನೆಲ ಕಾಂಕ್ರೀಟ್ ಆಗಿದ್ದರೆ ಅದೇ ಒಳ್ಳೆಯ ಜಾಗ. ಅಂಚಿಗೆ ತೀರಾ ಹತ್ತಿರ ಡ್ರಿಲ್ ಮಾಡಿದರೆ ಕಾಂಕ್ರೀಟ್ ಸಿಡಿಯುತ್ತದೆ. ಅಂಚಿನಿಂದ ಒಂದು ಗೇಣಾದರೂ ಬಿಡಿ.

ಕೂರಿಸುವವರು ಬಂದಾಗ ಪಕ್ಕದಲ್ಲೇ ನಿಂತು ನೋಡಿ. ತೂತು ಕೊರೆದ ಮೇಲೆ ಒಳಗಿನ ಪುಡಿ ತೆಗೆಯಬೇಕು. ಬ್ರಷ್ ಹಾಕಿ ಉಜ್ಜಬೇಕು, ಪಂಪಿನಿಂದ ಊದಬೇಕು, ಮತ್ತೆ ಉಜ್ಜಿ ಮತ್ತೆ ಊದಬೇಕು. ಅಂಟು ಹಾಕಿ ಕೂರಿಸುವ ಆಂಕರ್ ಆದರಂತೂ ಇದು ಬೇಕೇ ಬೇಕು. ಪುಡಿ ಉಳಿದರೆ ಅಂಟು ಪುಡಿಯನ್ನು ಹಿಡಿಯುತ್ತದೆ, ಕಾಂಕ್ರೀಟನ್ನು ಹಿಡಿಯುವುದಿಲ್ಲ. ಅವಸರದಲ್ಲಿ ಎಲ್ಲರೂ ಬಿಡುವ ಕೆಲಸ ಇದೇ.

ಬೋಲ್ಟ್ ಬಿಗಿ ಮಾಡಿದ ಮೇಲೆ ತಲೆ ಹಾಗೇ ಬಿಟ್ಟರೆ ಯಾರು ಬೇಕಾದರೂ ಆಲನ್ ಕೀ (ಆರು ಮೂಲೆಯ ಎಲ್ ಆಕಾರದ ಕೀಲಿ) ಹಾಕಿ ಬಿಚ್ಚಬಹುದು. ನಾನು ಅದರ ತೂತಿಗೆ ಬೇರಿಂಗ್ ಬಾಲ್ ಬಡಿಯುತ್ತೇನೆ. ತೂತಿಗಿಂತ ಕೂದಲೆಳೆಯಷ್ಟು ದೊಡ್ಡ ಬಾಲ್ ಬೇಕು. ಆಲನ್ ತೂತು 6 ಮಿ.ಮೀ. ಇದ್ದರೆ ಸೈಕಲ್ಲಿನ ಹಿಂದಿನ ಚಕ್ರದ ಹಬ್ಬಿನ (ನಡುವಿನ ಗುಂಬದ) ಬಾಲ್ 6.35 ಮಿ.ಮೀ., ಸುತ್ತಿಗೆಯ ನಾಲ್ಕೇಟಿಗೆ ಕಚ್ಚಿ ಕೂರುತ್ತದೆ. ಆಮೇಲೆ ನಿಮಗೂ ಬಿಚ್ಚಲಾಗುವುದಿಲ್ಲ, ಅದನ್ನು ಮಾಲೀಕರಿಗೆ ಮೊದಲೇ ಹೇಳಿ.

ಇನ್ನು ಬೀಗ. ಕೇಬಲ್ ಲಾಕನ್ನು ಸೀಟಿಗೋ ಹೆಲ್ಮೆಟ್ಟಿಗೋ ಇಟ್ಟುಕೊಳ್ಳಿ, ಅಷ್ಟೇ. ಗಟ್ಟಿ ಮಾಡಿದ ಉಕ್ಕಿನ ಯು-ಲಾಕ್ ಒಂದು, ಸರಪಳಿ ಒಂದು ತನ್ನಿ. ಸರಪಳಿ ಮನೆಯಲ್ಲೇ ಕೊಂಡಿಯ ಜೊತೆ ಇರಲಿ. ಅದನ್ನು ದಿನಾ ಹೊರಬೇಕಾಗಿಲ್ಲವಲ್ಲ, ಹಾಗಾಗಿ ಎಷ್ಟು ದಪ್ಪ ಇದ್ದರೂ ಚಿಂತೆ ಇಲ್ಲ. ಕಡ್ಡಿ 10 ಮಿ.ಮೀ. ಇದ್ದರೆ ದೊಡ್ಡ ಬೋಲ್ಟ್ ಕಟರ್ ಕತ್ತರಿಸಿಬಿಡುತ್ತದೆ. 16 ಮಿ.ಮೀ. ಗಟ್ಟಿ ಉಕ್ಕು ಕೈಯಲ್ಲಿ ಒತ್ತುವ ಕಟರಿಗೆ ಬಗ್ಗುವುದಿಲ್ಲ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಸಂಸ್ಥೆ ಬೀಗಗಳನ್ನು ಒಡೆದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಅಂತ ದರ್ಜೆ ಕೊಡುತ್ತದೆ. ನೆದರ್ಲೆಂಡ್ಸಿನ ಎ.ಆರ್.ಟಿ. ನಕ್ಷತ್ರ ಕೊಡುತ್ತದೆ. ಬೀಗದ ಮೇಲೆ ಈ ಗುರುತು ಇದ್ದರೆ ಅದನ್ನು ನಂಬಿ. ಕಂಪನಿಯವರೇ ಡಬ್ಬದ ಮೇಲೆ ಹಾಕಿಕೊಂಡ "10ಕ್ಕೆ 9" ಥರದ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊಳವೆ ಥರ ದುಂಡು ಕೀಲಿ ಇರುವ ಹಳೇ ಬೀಗ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಆ ಥರದ ಬೀಗವನ್ನು ಬಾಲ್ ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದಲೇ ತೆರೆಯಬಹುದು ಅಂತ 2004ರಲ್ಲಿ ಜಗತ್ತಿಗೆಲ್ಲ ಗೊತ್ತಾಗಿಹೋಯಿತು.

ಹಾಕುವ ರೀತಿಯೂ ಮುಖ್ಯ. ಬೀಗ, ಸರಪಳಿ ನೆಲಕ್ಕೆ ತಾಗಿಕೊಂಡು ಇರಬಾರದು. ತಾಗಿದ್ದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಬಿಡಬಹುದು, ಸುತ್ತಿಗೆಯಿಂದಲೂ ಬಡಿಯಬಹುದು. ಸರಪಳಿಯನ್ನು ಫ್ರೇಮಿಗೆ ಬಿಗಿಯಾಗಿ ಸುತ್ತಿ, ಎತ್ತರಕ್ಕೆ ತಂದು ಬೀಗ ಹಾಕಿ. ಕೀಲಿ ತೂತು ಕೆಳಗೆ ನೋಡುತ್ತಿರಲಿ. ನೀರು, ಧೂಳೂ ಕಡಿಮೆ ಹೋಗುತ್ತದೆ.

ಯು-ಲಾಕನ್ನು ಹಿಂದಿನ ಚಕ್ರಕ್ಕೆ ಹಾಕಿ. ಸೀಟಿನ ಕೆಳಗಿನ ಪೈಪು, ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಮೇಲಿನ, ಕೆಳಗಿನ ಪೈಪುಗಳು ಕೂಡಿ ತ್ರಿಕೋನ ಆಗುತ್ತದಲ್ಲ, ಅದರ ಒಳಗೆ ರಿಮ್ಮು ಟೈರು ಎರಡೂ ಸೇರುವ ಹಾಗೆ. ಆಗ ಚಕ್ರ ಬಿಚ್ಚಿದರೂ ತ್ರಿಕೋನದಿಂದ ಈಚೆ ಎಳೆಯಲಾಗುವುದಿಲ್ಲ, ಫ್ರೇಮೂ ಉಳಿಯುತ್ತದೆ. ಶೆಲ್ಡನ್ ಬ್ರೌನ್ ಅಂತ ಅಮೆರಿಕದ ಮೆಕ್ಯಾನಿಕ್ ಒಬ್ಬರು ಇದ್ದರು, 2008ರಲ್ಲಿ ತೀರಿಕೊಂಡರು. ಸಣ್ಣ ಯು-ಲಾಕಿನಲ್ಲೇ ಇಷ್ಟು ಕೆಲಸ ಆಗುತ್ತದೆ ಅಂತ ತೋರಿಸಿಕೊಟ್ಟವರು ಅವರು. ಲಾಕ್ ಸಣ್ಣದಾದಷ್ಟೂ ಒಳ್ಳೆಯದು. ಮಧ್ಯೆ ಖಾಲಿ ಜಾಗ ಇಲ್ಲದಿದ್ದರೆ ಜಾಕ್ ತುರುಕಿ ಅಗಲಿಸಲಾಗುವುದಿಲ್ಲ.

ಮುಂದಿನ ಚಕ್ರಕ್ಕೆ ಕ್ವಿಕ್ ರಿಲೀಸ್ ಹಿಡಿ ಇದೆಯಾ? ಅದನ್ನು 1930ರ ದಶಕದಲ್ಲಿ ಇಟಲಿಯ ಟುಲಿಯೊ ಕಾಂಪಾಗ್ನೋಲೊ ಬಳಕೆಗೆ ತಂದರು ಅನ್ನುತ್ತಾರೆ. ರೇಸಿನವರು ಪಾನಾ ಇಲ್ಲದೆ ಚಕ್ರ ಬದಲಿಸಲಿ ಅಂತ. ನಿಮಗೆ ಆ ಅವಸರ ಇಲ್ಲ. ಆ ಹಿಡಿ ತೆಗೆಸಿ, ಆಲನ್ ಕೀ ಬೇಕಾಗುವ ಸ್ಕ್ಯೂವರ್ (ಚಕ್ರವನ್ನು ಬಿಗಿಯುವ ಕಡ್ಡಿ) ಹಾಕಿಸಿ. ಅದಕ್ಕೇ ಅಂತ ಬೇರೆ ಕೀಲಿ ಬರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಗೋಡೆ_ಕೊಕ್ಕೆ:

ಅಕ್ಕಾ, ಹಳೇ ಪಾನಾ ಅವರು ಹೇಳಿದ್ದೆಲ್ಲ ಸರಿ. ಆದರೂ ನಾನು ಮೇಲೇ ತನ್ನಿ ಅನ್ನುತ್ತೇನೆ. ಮನೆ ಬಾಗಿಲ ಒಳಗೆ ಇರುವ ಸೈಕಲ್ಲಿನಷ್ಟು ಭದ್ರ ಯಾವುದೂ ಇಲ್ಲ.

ಹೊರುವ ರೀತಿ ಬದಲಿಸಿ ನೋಡಿ. ಸೈಕಲ್ಲಿನ ಎಡಕ್ಕೆ ನಿಂತು, ಫ್ರೇಮಿನ ತ್ರಿಕೋನದೊಳಗೆ ಬಲಗೈ ತೂರಿಸಿ, ಮೇಲಿನ ಪೈಪನ್ನು ಬಲ ಹೆಗಲ ಮೇಲೆ ಕೂರಿಸಿ. ಅದೇ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಳ್ಳಿ. ಚೈನು ಆಚೆ ಬದಿಗಿರುವುದರಿಂದ ಬಟ್ಟೆಗೆ ಮಸಿ ಆಗುವುದಿಲ್ಲ. ಎಡಗೈ ಕಂಬಿ ಹಿಡಿಯಲು ಖಾಲಿ ಇರುತ್ತದೆ. ತಿರುವಿಗೆ ಬರುವ ಮೊದಲು ಒಳಗಡೆಯ ಪೆಡಲನ್ನು ಹಿಂದಕ್ಕೆ ತಿರುಗಿಸಿಕೊಂಡರೆ ಮೊಣಕಾಲಿಗೆ ಬಡಿಯುವುದಿಲ್ಲ. ಹೆಗಲಿಗೆ ಹಳೇ ಟವೆಲ್ ಮಡಿಸಿ ಇಟ್ಟುಕೊಳ್ಳಿ.

ಒಳಗೆ ಜಾಗ ಇಲ್ಲ ಅಂದರೆ ಗೋಡೆಗೆ ರಬ್ಬರ್ ಹೊದಿಸಿದ ಕೊಕ್ಕೆ ಹಾಕಿ, ಮುಂದಿನ ಚಕ್ರ ಸಿಕ್ಕಿಸಿ ನೇರಕ್ಕೆ ನೇತುಹಾಕಿ. ಚಕ್ರಕ್ಕೆ ಏನೂ ಆಗುವುದಿಲ್ಲ. ಆಯಿಲ್ ಬ್ರೇಕ್ ಇರುವ ಸೈಕಲ್ ಆದರೆ ಇಳಿಸಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಒತ್ತಿ ನೋಡಿ. ಸಡಿಲ ಅನ್ನಿಸಿದರೆ ಗಟ್ಟಿಯಾಗುವವರೆಗೆ ಹತ್ತಬೇಡಿ.

ಬಾಲ್ಕನಿ ಬೇಡ. ನಮ್ಮ ಮನೆಯಿಂದ ಮೊದಲ ಮಹಡಿಯ ಬಾಲ್ಕನಿಯಲ್ಲಿ ಇಟ್ಟಿದ್ದೇ ಹೋಗಿದ್ದು. ಕೆಳಗಿನ ಕಾಂಪೌಂಡ್ ಗೋಡೆ ಹತ್ತಿದರೆ ಕೈಗೆ ಸಿಗುತ್ತಿತ್ತು.

ಟ್ಯಾಗ್_ಇಟ್ಟವನು:

ಎಷ್ಟು ದಪ್ಪ ಬೀಗ ಹಾಕಿದರೂ ಲೋಹ ಕೊಯ್ಯುವ ಬ್ಯಾಟರಿ ಗ್ರೈಂಡರ್ ತಂದರೆ ಮುಗಿಯಿತು. ಸಾಮಾನ್ಯ ಯು-ಲಾಕ್ ಒಂದೆರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಹಾಗಾಗಿ ಬೀಗದ ಜೊತೆ ಒಂದು ಟ್ರ್ಯಾಕರ್ ಇರಲಿ. ನಾನು ಆಪಲ್ ಕಂಪನಿಯ ಏರ್‌ಟ್ಯಾಗ್ ಇಟ್ಟಿದ್ದೇನೆ. 2021ರಲ್ಲಿ ಬಂದಿದ್ದು. ಒಳಗಿನ ಸಿಆರ್2032 ಸೆಲ್ ಒಂದು ವರ್ಷದ ಹತ್ತಿರ ಬರುತ್ತದೆ. ಲೋಹದ ಪೈಪಿನ ಒಳಗೆ ಹಾಕಿದರೆ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಸೀಟಿನ ಪ್ಲಾಸ್ಟಿಕ್ ತಳದ ಒಳಗೋ ಬಾಟಲ್ ಹಿಡಿಕೆಯ ಅಡಿಗೋ ಇಡಿ. ಹತ್ತಿರದಲ್ಲಿ ಐಫೋನುಗಳು ಓಡಾಡುತ್ತಿದ್ದರೆ ಮಾತ್ರ ಅದು ತಾನೆಲ್ಲಿದ್ದೇನೆ ಅಂತ ತಿಳಿಸುತ್ತದೆ. ಗೊತ್ತಿಲ್ಲದ ಟ್ಯಾಗ್ ಒಂದು ಜೊತೆಗೆ ಬರುತ್ತಿದೆ ಅಂತ ಕಳ್ಳನ ಫೋನಿಗೂ ಸೂಚನೆ ಹೋಗುತ್ತದೆ. ಹಾಗಾಗಿ ಸಿಗುವ ಸಮಯ ಸ್ವಲ್ಪವೇ.

ಸೈಕಲ್ ಎಲ್ಲಿದೆ ಅಂತ ಫೋನಿನಲ್ಲಿ ಕಂಡರೆ ಒಬ್ಬರೇ ಹುಡುಕಿಕೊಂಡು ಹೋಗಬೇಡಿ ಮೇಡಂ. ಪೊಲೀಸರಿಗೆ ತೋರಿಸಿ.

ಸವಾರಿ ದಾಖಲಿಸುವ ಆ್ಯಪ್ ಬಳಸುತ್ತೀರಾ? ದಿನಾ ಶುರುವಾಗುವ ಜಾಗ, ಮುಗಿಯುವ ಜಾಗ ಮ್ಯಾಪಿನಲ್ಲಿ ಎಲ್ಲರಿಗೂ ಕಾಣುತ್ತಿದ್ದರೆ ಮನೆ ವಿಳಾಸ ಕೊಟ್ಟ ಹಾಗೆಯೇ. ಸ್ಟ್ರಾವಾದಲ್ಲಿ ಅದನ್ನು ಮರೆಮಾಡುವ ಸೆಟ್ಟಿಂಗ್ ಇದೆ. ಹಾಕಿಕೊಳ್ಳಿ.

ಹಳೇ_ಪಾನಾ:

ಗ್ರೈಂಡರ್ ಮಾತು ನಿಜ. ಅದಕ್ಕೆ ಜಗ್ಗದ ಬೀಗಗಳೂ ಈಗ ಬಂದಿವೆ. ಉಕ್ಕಿನ ಹೊರಗೆ ಗಡಸು ಪದರ ಇರುತ್ತದೆ, ಡಿಸ್ಕ್ ಸವೆದು ಹೋಗುತ್ತದೆ. ಆದರೆ ತುಂಬಾ ದುಬಾರಿ. ಅಷ್ಟು ಆಗದಿದ್ದರೆ ಯು-ಲಾಕಿನ ಎರಡೂ ಕಾಲು ಬೀಗದೊಳಗೆ ಕಚ್ಚಿಕೊಳ್ಳುವಂಥದ್ದು ತನ್ನಿ. ಒಂದೇ ಕಾಲು ಕಚ್ಚುವುದಾದರೆ ಒಂದು ಕಡೆ ಕತ್ತರಿಸಿ ತಿರುಗಿಸಿ ತೆಗೆಯಬಹುದು. ಎರಡೂ ಕಚ್ಚಿದ್ದರೆ ಎರಡು ಕಡೆ ಕೊಯ್ಯಬೇಕು.

ಮೇಡಂ, ನಿಮ್ಮದು ಆರು ಮನೆಯ ಮೆಟ್ಟಿಲು. ಗ್ರೈಂಡರ್ ಹಾಕಿದರೆ ಕಿಡಿ ಹಾರುತ್ತದೆ, ಕಿವಿ ಕಿತ್ತುಹೋಗುವಷ್ಟು ಸದ್ದು ಬರುತ್ತದೆ. ಅಂಥ ಜಾಗದಲ್ಲಿ ಎರಡು, ಮೂರು ಕಡೆ ಕೊಯ್ಯುವಷ್ಟು ಹೊತ್ತು ನಿಲ್ಲೋಕೆ ಹೆಚ್ಚಿನವರಿಗೆ ಧೈರ್ಯ ಬರುವುದಿಲ್ಲ. ನಿಮ್ಮ ಕೇಬಲ್ ಕತ್ತರಿಸಿದವನಿಗೆ ಸದ್ದೇ ಆಗಲಿಲ್ಲ. ಕಟ್ ಅಂತ ಒಂದು ಶಬ್ದ, ಅಷ್ಟೇ. ಅಂಥವನನ್ನು ತಡೆಯಲು ನಾವು ಏರ್ಪಾಡು ಮಾಡುತ್ತಿರುವುದು.

ಪೆನ್ಸಿಲ್_ಗುರುತು:

ನನ್ನ ಮಗನ ಸೈಕಲ್ ಕಳುವಾಗಿ ನಾಲ್ಕು ತಿಂಗಳಿಗೆ ವಾಪಸ್ ಬಂತು. ಬಂದಿದ್ದು ಫ್ರೇಮ್ ನಂಬರಿನಿಂದ ಮಾತ್ರ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತೇನೆ.

ಇವತ್ತೇ ಸೈಕಲ್ಲನ್ನು ಸೀಟು, ಹ್ಯಾಂಡಲ್ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಪೆಡಲ್ ಅಚ್ಚು ಹಾದುಹೋಗುವ ದಪ್ಪ ಕೊಳವೆ ಇದೆಯಲ್ಲ, ಅದರ ಅಡಿ ನೋಡಿ. ಹೆಚ್ಚಿನ ಸೈಕಲ್ಲಿಗೆ ನಂಬರ್ ಅಲ್ಲೇ ಕೊರೆದಿರುತ್ತದೆ. ಅಲ್ಲಿಲ್ಲದಿದ್ದರೆ ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ, ಇಲ್ಲವೇ ಹಿಂದಿನ ಚಕ್ರದ ಅಚ್ಚು ಕೂರುವ ಜಾಗದಲ್ಲಿ ಹುಡುಕಿ. ಹೊಸ ಸೈಕಲ್ಲಿಗೂ ಪೇಂಟ್ ತುಂಬಿಕೊಂಡು ಅಕ್ಷರ ಸರಿಯಾಗಿ ಕಾಣದೇ ಇರಬಹುದು. ನಾನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ ಒರೆಸಿದೆ. ಆಮೇಲೆ ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜಿದೆ. ನಾಣ್ಯದ ಮೇಲೆ ಮಕ್ಕಳು ಮಾಡುತ್ತಾರಲ್ಲ, ಹಾಗೆ. ಕಣ್ಣಿಗೆ 3ರ ಹಾಗೆ ಕಂಡಿದ್ದು ಕಾಗದದ ಮೇಲೆ 8 ಅಂತ ಬಂತು. ಬರೀ ಕಣ್ಣಲ್ಲಿ ನೋಡಿ ಬರೆದಿದ್ದರೆ ತಪ್ಪು ನಂಬರ್ ಇಟ್ಟುಕೊಂಡಿರುತ್ತಿದ್ದೆ.

ಆ ಕಾಗದದ ಫೋಟೋ ತೆಗೆಯಿರಿ. ಚೈನಿನ ಕಡೆಯಿಂದ ಇಡೀ ಸೈಕಲ್ಲಿನದು ಒಂದು ಫೋಟೋ, ನೀವು ಅದರ ಜೊತೆ ನಿಂತಿದ್ದು ಒಂದು. ರಸೀದಿ ಜೊತೆ ಸೇರಿಸಿ ಮೇಲ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಫೋನ್ ಹೋದರೂ ಉಳಿಯಬೇಕು. ಇನ್ನೊಂದು ಕೆಲಸ ಮಾಡಿ. ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೊಳವೆಯೊಳಗೆ ಇಳಿಬಿಡಿ. ಸೀಟಿನ ಪೈಪ್ ಮೇಲಕ್ಕೆ ತೆಗೆದರೆ ಅಲ್ಲಿ ಜಾಗ ಇದೆ.

ನಮ್ಮ ಸೈಕಲ್ ಸಿಕ್ಕಾಗ ಕೆಂಪು ಇದ್ದಿದ್ದು ಕಪ್ಪಾಗಿತ್ತು. ಸೀಟು, ಹ್ಯಾಂಡಲ್ ಎಲ್ಲ ಬೇರೆ. ಠಾಣೆಯಲ್ಲಿ ತಲೆಕೆಳಗೆ ಮಾಡಿ ನನ್ನ ಕಾಗದವನ್ನು ಪಕ್ಕದಲ್ಲಿ ಹಿಡಿದರು. ಒಂದೊಂದೇ ಅಂಕಿ ಓದುತ್ತಾ ಬಂದು 8ರ ಹತ್ತಿರ ಮಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಜಪಾನಿನಲ್ಲಿ 1994ರಿಂದ ಸೈಕಲ್ಲಿಗೂ ನೋಂದಣಿ ಕಡ್ಡಾಯ. ಅಂಥ ವ್ಯವಸ್ಥೆ ಇಲ್ಲದ ಕಡೆ ಈ ಕಾಗದವೇ ನಮ್ಮ ನೋಂದಣಿ.

ಬೆಳಗಿನ_ಸವಾರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಕಂಬಿ ಅಲ್ಲಾಡಿಸಿ ನೋಡಿದೆ. ಬುಡದಲ್ಲಿ ಸ್ಕ್ರೂಗಳೇ ಇವೆ. ಒಂದು ಆಗಲೇ ಸಡಿಲ. ನಂಬರೂ ಸಿಕ್ಕಿತು, ಪೆನ್ಸಿಲ್ ಕೆಲಸವನ್ನು ಮಗಳೇ ಮಾಡಿದಳು. ಗೋಡೆ ಕೊಕ್ಕೆ ಅವರೇ, ಹೆಗಲ ಮೇಲೆ ಹೊರುವುದು ನಿಜಕ್ಕೂ ಹಗುರ ಅನ್ನಿಸಿತು. ಆದರೆ ಮನೆಯೊಳಗೆ ಇಡೋಕೆ ಜಾಗ ಇರುವುದು ಮುಂಬಾಗಿಲ ಹಿಂದಿನ ಓಣಿಯಲ್ಲಿ ಮಾತ್ರ. ಅಲ್ಲಿ ಇಟ್ಟರೆ ಅಡ್ಡ ತಿರುಗಿ ನಡೆಯಬೇಕು.

ಹಳೇ ಪಾನಾ ಸರ್, ಒಂದು ಅನುಮಾನ. ಮೆಟ್ಟಿಲ ಅಡಿಯ ನೆಲಕ್ಕೆ ಟೈಲ್ಸ್ ಇದೆ. ಕೆಳಗೆ ಕಾಂಕ್ರೀಟ್ ಇದೆಯಾ ಅಂತ ಹೇಗೆ ತಿಳಿಯುವುದು?

ಹಳೇ_ಪಾನಾ:

ಮುಂಬಾಗಿಲ ಓಣಿಯಲ್ಲಿ ಇಡಲೇಬೇಡಿ ಮೇಡಂ. ಬೆಂಕಿ ಗಿಂಕಿ ಆದರೆ ಹೊರಗೆ ಓಡುವ ದಾರಿ ಅದೊಂದೇ. ಬ್ಯಾಟರಿ ಸೈಕಲ್ ಇರುವವರಿಗಂತೂ ಇದನ್ನು ಕೈ ಮುಗಿದು ಹೇಳುತ್ತೇನೆ. ಬ್ಯಾಟರಿಯನ್ನು ಬಾಗಿಲ ಹತ್ತಿರ, ಮೆಟ್ಟಿಲ ಹತ್ತಿರ ಚಾರ್ಜಿಗೆ ಹಾಕಬೇಡಿ.

ಟೈಲ್ಸ್ ವಿಷಯ. ಕಟ್ಟಿದವರಿಗೆ ಗೊತ್ತಿರುತ್ತದೆ, ಮಾಲೀಕರನ್ನೇ ಕೇಳಿ. ಡ್ರಿಲ್ ಮಾಡುವಾಗಲೂ ತಿಳಿಯುತ್ತದೆ. ಟೈಲ್ಸ್ ದಾಟಿದ ಮೇಲೆ ಬಿಟ್ ಸರಕ್ ಅಂತ ಒಳಗೆ ಹೋಗಿ ಕೆಂಪು ಪುಡಿಯೋ ಮರಳೋ ಬಂದರೆ ಅಲ್ಲಿ ಬೇಡ. ಬೂದು ಪುಡಿ ಒಂದೇ ಸಮ ಬರುತ್ತಾ, ಕೈಗೆ ಗಟ್ಟಿಯಾಗಿ ಎದುರು ಒತ್ತಿದರೆ ಕಾಂಕ್ರೀಟ್. ಟೈಲ್ಸನ್ನು ಮೊದಲು ಗಾಜು ಕೊರೆಯುವ ಬಿಟ್ಟಿನಲ್ಲಿ, ಹ್ಯಾಮರ್ ಆಫ್ ಮಾಡಿ ಕೊರೆಯಬೇಕು. ಇಲ್ಲದಿದ್ದರೆ ಸೀಳುತ್ತದೆ. ನೆಲದೊಳಗೆ ನೀರಿನ ಪೈಪ್, ವಯರ್ ಹೋಗಿದೆಯಾ ಅಂತಲೂ ಮೊದಲೇ ಕೇಳಿಕೊಳ್ಳಿ.

ಬೆಳಗಿನ_ಸವಾರಿ:

ಮೂರು ವಾರ ಆಯಿತು. ಏನು ಮಾಡಿದೆ ಅಂತ ಹೇಳಬೇಕು ಅನ್ನಿಸಿತು.

ಮಾಲೀಕರಿಗೆ ಈ ಉತ್ತರಗಳನ್ನೇ ಓದಿ ಹೇಳಿದೆ. ಆ ತುಂಡಾದ ಕೇಬಲ್ಲನ್ನೂ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟೇನಾ ಒಳಗಿರೋದು?" ಅಂದರು. ನೆಲದಲ್ಲಿ ಕಾಂಕ್ರೀಟ್ ಇದೆ, ಪೈಪ್ ಹೋಗಿರುವುದು ಆಚೆ ಗೋಡೆಯ ಕಡೆ ಅಂತ ಹೇಳಿ ಒಪ್ಪಿಕೊಂಡರು. ಗೇಟಿಗೆ ತಾನಾಗೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಕೂಡ ಹಾಕಿಸಿದರು.

ಕೊಂಡಿ ಕೂರಿಸುವ ದಿನ ನಾನು ರಜೆ ಹಾಕಿ ಪಕ್ಕದಲ್ಲೇ ನಿಂತಿದ್ದೆ. ಬೂದು ಪುಡಿಯೇ ಬಂತು. ಕೆಲಸದವರು ಒಂದು ಸಲ ಬಾಯಿಂದ ಊದಿ ಅಂಟು ಹಾಕಲು ಹೊರಟರು. "ಇರಿ ಅಣ್ಣ" ಅಂತ ನಿಲ್ಲಿಸಿ, ಸೈಕಲ್ ಪಂಪನ್ನೇ ತಂದುಕೊಟ್ಟೆ. ಎರಡನೇ ಸಲ ಊದಿದಾಗಲೂ ಇಷ್ಟಿಷ್ಟು ಪುಡಿ ಹಾರಿತು. ಮೂರನೇ ಸಲ ಏನೂ ಬರಲಿಲ್ಲ. ಅಂಟು ಒಣಗಲು ಒಂದಿಡೀ ದಿನ ಬಿಟ್ಟೆವು. ಬೇರಿಂಗ್ ಬಾಲ್ ಬಡಿದಿದ್ದು ಮಾಲೀಕರೇ.

ಈಗ ಸರಪಳಿ ಕೊಂಡಿಯಿಂದ ಫ್ರೇಮಿಗೆ, ಯು-ಲಾಕ್ ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರದ ಹಿಡಿ ತೆಗೆಸಿದ್ದೇನೆ. ಕೀಲಿಯ ಎರಡನೇ ಜೊತೆ ಮೇಲೆ ಬೀರುವಿನಲ್ಲಿದೆ. ಮೊದಲ ರಾತ್ರಿ ಎರಡು ಸಲ ಎದ್ದು ಕೆಳಗೆ ಹೋಗಿ ನೋಡಿ ಬಂದೆ. ಈಗ ನಿದ್ದೆ ಬರುತ್ತಿದೆ. ಬೆಳಿಗ್ಗೆ ಕತ್ತಲಲ್ಲಿ ಸರಪಳಿ ಬಿಚ್ಚುವಾಗ ಸದ್ದಾಗದ ಹಾಗೆ ಅದಕ್ಕೆ ಹಳೇ ಟ್ಯೂಬ್ ತೊಡಿಸಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಕೆಳಗಿನ ಮನೆಯ ಹುಡುಗ ತನ್ನ ಸೈಕಲ್ಲನ್ನೂ ಅದೇ ಕೊಂಡಿಗೆ ಕಟ್ಟಿಕೊಳ್ಳಲಾ ಅಂತ ಕೇಳಿದ್ದಾನೆ. ನನ್ನ ಸರಪಳಿ 1.2 ಮೀಟರ್. ಎರಡಕ್ಕೂ ಸಾಕಾಗುತ್ತಾ ಸರ್?

ಹಳೇ_ಪಾನಾ:

ಒಂದಕ್ಕೊಂದು ಎದುರುಬದುರು ಮಾಡಿ ನಿಲ್ಲಿಸಿದರೆ ಎರಡು ಫ್ರೇಮಿಗೂ ಸಾಕಾಗಬಹುದು. ಆದರೆ ಒಂದೇ ಸರಪಳಿ ಬೇಡ ಮೇಡಂ. ನೀವು ಐದೂವರೆಗೆ ಹೊರಡುತ್ತೀರಿ, ಅವನು ಮಲಗಿರುತ್ತಾನೆ. ನಿಮ್ಮ ಅವಸರದಲ್ಲಿ ಅವನ ಸೈಕಲ್ಲಿಗೆ ಬೀಗ ಬಿಟ್ಟುಹೋಗಬಾರದು. ಕೊಂಡಿಯಲ್ಲಿ ಇನ್ನೊಂದು ಸರಪಳಿಗೆ ಜಾಗ ಇರುತ್ತದೆ. ಅವನದೇ ಒಂದು ತರಲಿ. ಅವನ ಸೈಕಲ್ಲಿನ ನಂಬರನ್ನೂ ನಿಮ್ಮ ಮಗಳ ಕೈಲಿ ಪೆನ್ಸಿಲ್ಲಲ್ಲಿ ಬರೆಸಿಡಿ.